ನಾನು ಶಾಮೀಲಾದದ್ದು ಯಾವತ್ತು

ನನ್ನ ಮೇಲೆ ಬರೆಸಿದ ನೋಟೀಸನ್ನು ಓದಿ ಅರ್ಥ ಹೇಳುವ ಕೆಲಸ ನನಗೇ ಬಂತು. ನಮ್ಮ ಮನೆಗೆ ಇಂಗ್ಲಿಷ್ ಕಾಗದ ಯಾವುದು ಬಂದರೂ ಮೊದಲು ನನ್ನ ಕೈಗೆ ಬರುತ್ತದೆ. ಬ್ಯಾಂಕಿನದು, ವಿಮೆಯದು, ಔಷಧಿ ಡಬ್ಬಿಯೊಳಗಿನ ಚೀಟಿ, ಪಂಪ್‌ಸೆಟ್ಟಿನ ಗ್ಯಾರಂಟಿ ಕಾರ್ಡು, ಎಲ್ಲ. ನಾನು ಸೊಸೆಯಾಗಿ ಬಂದ ವರ್ಷದಿಂದ ಅದು ರೂಢಿಯಾಗಿಬಿಟ್ಟಿದೆ. ಹಾಗಾಗಿ ಆ ಭಾನುವಾರ ಬೆಳಿಗ್ಗೆ ನನ್ನ ಮೈದುನ, ಅಂದರೆ ಗಂಡನ ತಮ್ಮ, ವಕೀಲರ ಹತ್ತಿರ ಟೈಪು ಮಾಡಿಸಿಕೊಂಡು ಬಂದ ಎರಡು ಹಾಳೆಗಳನ್ನು ಹಿಂದುಮುಂದು ನೋಡದೆ ನನ್ನ ಮುಂದೆ ಹಿಡಿದ. ನಾನೂ ನಮ್ಮ ಅತ್ತೆಯೂ ನಡುಮನೆಯಲ್ಲಿ ಮಣೆ ಹಾಕಿಕೊಂಡು, ಮೊರ ಇಟ್ಟುಕೊಂಡು ಅವರೆಕಾಯಿ ಸುಲಿಯುತ್ತಿದ್ದೆವು. ನನ್ನ ಗಂಡ ಬಾಗಿಲ ಪಕ್ಕ ಪೇಪರು ಓದುತ್ತಿದ್ದರು.

“ಅತ್ತಿಗೆ, ಇದೊಂಚೂರು ಓದಿ ಹೇಳಿ. ನಾಳೆ ರಿಜಿಸ್ಟರ್ ಪೋಸ್ಟಲ್ಲಿ ಕಳಿಸ್ಬೇಕು. ಸರಿಯಾಗ್ ಬರ್ದವ್ರಾ ನೋಡಿ.”

ನೋಟೀಸು ಹೋಗಬೇಕಾಗಿದ್ದದ್ದು ಅವನ ಸ್ವಂತ ಅಕ್ಕನಿಗೆ, ನನ್ನ ನಾದಿನಿಗೆ. ಅವಳು ದೊಡ್ಡಬಳ್ಳಾಪುರದಲ್ಲಿ ಬೇರೆಯವರ ಮಗ್ಗದ ಶೆಡ್ಡಿನಲ್ಲಿ ಸೀರೆ ನೇಯುತ್ತಾಳೆ. ಸಾಸಲಿನ ಕಡೆ ಮಾವನವರು ಬಿಟ್ಟುಹೋದ ಹೊಲವನ್ನು ಲೇಔಟ್ ಮಾಡುವವರಿಗೆ ಮಾರಲು ಅಣ್ಣತಮ್ಮಂದಿರು ಮಾತು ಮುಗಿಸಿದ್ದರು. ಅಷ್ಟರಲ್ಲಿ ಅವಳು ತಾಲ್ಲೂಕು ಕಚೇರಿಗೆ ಹೋಗಿ, ನಾನೂ ಈ ಮನೆಯ ಮಗಳು, ನನಗೂ ಪಾಲಿದೆ ಎಂದು ತಕರಾರು ಅರ್ಜಿ ಕೊಟ್ಟುಬಿಟ್ಟಳು. ಕೊಳ್ಳಲು ಬಂದವರು ಹಿಂದೆ ಸರಿದರು. ಒಂದು ತಿಂಗಳಿಂದ ಮನೆಯಲ್ಲಿ ಊಟಕ್ಕೆ ಕೂತರೂ ಅದೇ ಮಾತು, ಎದ್ದರೂ ಅದೇ ಮಾತು.

“ಅವ್ಳಿಗ್ ಇಷ್ಟೆಲ್ಲಾ ಬುದ್ಧಿ ಎಲ್ಲಿಂದ ಬರ್ಬೇಕು? ಯಾರೋ ಹಿಂದ್ಗಡೆ ನಿಂತ್ಕಂಡು ಎತ್ಕಟ್ಟವ್ರೆ. ವಕೀಲ್ರು ಫೈಲ್ ತೆಗ್ಸಿ ನೋಡವ್ರಂತೆ. ಅದ್ಯಾರು ಅಂತಾನೂ ಸೇರ್ಸಿ ಬರ್ದಿದೀನಿ ಅಂದ್ರು,” ಎಂದ ಮೈದುನ. ಅವನಿಗೆ ಅದು ಯಾರೆಂದು ನಿಜಕ್ಕೂ ಗೊತ್ತಿರಲಿಲ್ಲ. ಓದಲು ಬರದ ಕಾಗದಕ್ಕೆ ಸಹಿ ಹಾಕುವುದು ನಮ್ಮ ಮನೆಯ ಗಂಡಸರಿಗೆ ನೀರು ಕುಡಿದಷ್ಟು ಸಲೀಸು, ಯಾಕೆಂದರೆ ಆಮೇಲೆ ಓದಿ ಹೇಳಲು ನಾನಿದ್ದೇನೆ.

ಕೈ ಒರೆಸಿಕೊಂಡು ಓದಿದೆ. ಮೊದಲ ಹಾಳೆಯ ಒಂದೊಂದು ವಾಕ್ಯವನ್ನೂ ಕನ್ನಡದಲ್ಲಿ ಹೇಳುತ್ತಾ ಹೋದೆ. ನಿಮ್ಮ ಮದುವೆಯನ್ನು ತವರಿನವರೇ ಮಾಡಿದ್ದಾರೆ, ನಿಮಗೆ ಬರಬೇಕಾದದ್ದು ಬಂದಾಗಿದೆ, ದುರಾಸೆಯಿಂದ ಅರ್ಜಿ ಕೊಟ್ಟಿದ್ದೀರಿ, ಹೀಗೆ. ಎರಡನೇ ಹಾಳೆಯ ನಡುವೆ ಒಂದು ವಾಕ್ಯ ಬಂತು. ಅವಳು ಇದನ್ನೆಲ್ಲ ಮಾಡಿದ್ದು ತನ್ನ ‘ಅಕಾಂಪ್ಲಿಸ್’ ಆದ ಎರಡನೇ ವಿಳಾಸದಾರರ ಕುಮ್ಮಕ್ಕಿನಿಂದ ಎಂದಿತ್ತು. ಅದರ ಮುಂದೆ ನನ್ನ ಹೆಸರು, ಹೆಸರಿನ ಮುಂದೆ ಇಂಥವರ ಹೆಂಡತಿ ಎಂದು ನನ್ನ ಗಂಡನ ಹೆಸರು. ನಾನು ಓದುವುದನ್ನು ನಿಲ್ಲಿಸಿದೆ.

ಆ ಇಂಗ್ಲಿಷ್ ಪದ ನನಗೆ ಹೊಸದಾಗಿರಲಿಲ್ಲ. ನಾನು ನೆಲಮಂಗಲದಲ್ಲಿ, ತುಮಕೂರು ರಸ್ತೆಯ ಪಕ್ಕದ ಒಂದು ಗೋದಾಮಿನ ಆಫೀಸಿನಲ್ಲಿ ಕೆಲಸ ಮಾಡುತ್ತೇನೆ. ಯಾವ ಲಾರಿಗೆ ಯಾವ ಪೆಟ್ಟಿಗೆ, ಯಾವುದು ಬಂತು, ಯಾವುದು ಬರಲಿಲ್ಲ ಎಂದು ನೋಡಿಕೊಳ್ಳುವ ಕೆಲಸ. ಗುರುವಾರ ಮಧ್ಯಾಹ್ನ ಹೊರದೇಶದ ಆಫೀಸಿನವರ ಜೊತೆ ಪರದೆಯ ಮೇಲೆ ಮಾತುಕತೆ ಇರುತ್ತದೆ. ಅಲ್ಲಿ ಬೆಳ್ಳಿ ಕೂದಲಿನ ಒಬ್ಬ ಹೆಂಗಸಿದ್ದಾರೆ. ಒಮ್ಮೆ ತಮ್ಮ ಪಕ್ಕದಲ್ಲಿ ಕೂತ ಇನ್ನೊಬ್ಬಾಕೆಯನ್ನು ನಮಗೆ ತೋರಿಸುತ್ತಾ, “ಇವಳು ನನ್ನ ಅಕಾಂಪ್ಲಿಸ್” ಎಂದು ಇಂಗ್ಲಿಷಿನಲ್ಲಿ ಹೇಳಿ ನಕ್ಕರು. ಆಕೆಯೂ ನಕ್ಕರು. ನಾನು ಬೆಪ್ಪಾದೆ. ನನಗೆ ಆ ಪದ ಗೊತ್ತಿದ್ದದ್ದು ಕಾಲೇಜಿನ ನಿಘಂಟಿನಿಂದ. ಅಪರಾಧದಲ್ಲಿ ಪಾಲುಗಾರ ಎಂದಿತ್ತು ಅದರಲ್ಲಿ. ಇವರಿಬ್ಬರೂ ಏನು ಕದ್ದರು ಎಂದು ಒಂದು ಕ್ಷಣ ಯೋಚಿಸಿದೆ. ಕದ್ದದ್ದು ಇಷ್ಟೇ ಅಂತೆ: ಬೇರೆ ಯಾರಿಗೋ ಹುಟ್ಟುಹಬ್ಬವೆಂದು ಇಬ್ಬರೂ ಸೇರಿ ಹೇಳದೇ ಕೇಳದೇ ಕೇಕು ತಂದಿಟ್ಟಿದ್ದರು.

ಅವತ್ತಿನಿಂದ ನನಗೆ ಆ ಪದದ ಮೇಲೆ ಕಣ್ಣು ಬಿತ್ತು. ಅವರ ಮಾತಿನಲ್ಲಿ, ಮೇಲ್‌ಗಳಲ್ಲಿ, ಬಸ್ಸಿನಲ್ಲಿ ಮೊಬೈಲಿಗೆ ಬರುವ ಇಂಗ್ಲಿಷ್ ಸುದ್ದಿಯಲ್ಲಿ ಅದನ್ನು ಹುಡುಕತೊಡಗಿದೆ. ಸುದ್ದಿಯಲ್ಲಿ ಬಂದರೆ ಅದು ಸಾಚಾ ಕಳ್ಳತನದ ಮಾತು. ಒಬ್ಬ ಬಾಗಿಲು ಒಡೆಯುತ್ತಾನೆ, ಇನ್ನೊಬ್ಬ ರಸ್ತೆಯಲ್ಲಿ ಬೈಕು ಚಾಲೂ ಇಟ್ಟುಕೊಂಡು ನಿಂತಿರುತ್ತಾನೆ. ಆ ಇನ್ನೊಬ್ಬ ಅಕಾಂಪ್ಲಿಸ್. ಒಡೆದವನ ಹೆಸರು, ವಯಸ್ಸು, ಊರು ಎಲ್ಲ ಬರೆಯುತ್ತಾರೆ. ಕಾದು ನಿಂತವನಿಗೆ ಎಷ್ಟೋ ಸಲ ಹೆಸರೂ ಇರುವುದಿಲ್ಲ. ‘ಮತ್ತು ಒಬ್ಬ ಅಕಾಂಪ್ಲಿಸ್’ ಎಂದಷ್ಟೇ ಹಾಕಿ ಮುಗಿಸುತ್ತಾರೆ. ಅದೇ ಪದವನ್ನು ಗೆಳತಿಗೆ ಹೇಳಿದರೆ ಮುದ್ದು. ಮಳೆಗೂ ಹೇಳುತ್ತಾರೆ, ಕತ್ತಲಿಗೂ ಹೇಳುತ್ತಾರೆ. ಓಡಿಹೋಗುವವರಿಗೆ ಮಂಜು ಅಕಾಂಪ್ಲಿಸ್ ಆಯಿತು ಎಂದು ಬರೆದದ್ದನ್ನು ಓದಿದ್ದೇನೆ. ಅನ್ಯಾಯ ನೋಡಿ ಸುಮ್ಮನಿದ್ದವರಿಗೂ ಅದೇ ಹೆಸರು. ಏನೂ ತಿಳಿಯದೆ ಸಿಕ್ಕಿಹಾಕಿಕೊಂಡವರಿಗೆ ಅದರ ಹಿಂದೆ ಬೇರೆ ಒಂದು ಪದ ಅಂಟಿಸುತ್ತಾರೆ, ಖುಷಿಯಿಂದ ಕೈಜೋಡಿಸಿದವರಿಗೆ ಇನ್ನೊಂದು.

ಬೆಳ್ಳಿ ಕೂದಲಿನ ಹೆಂಗಸು ಒಂದು ಸಲ ತಮ್ಮ ಬೆಕ್ಕಿನ ಫೋಟೊ ಕಳಿಸಿದ್ದರು. ಬೆಕ್ಕಿನ ತಲೆಗೆ ಕೆಂಪು ಟೋಪಿ ತೊಡಿಸಿ ಎತ್ತಿಕೊಂಡಿದ್ದಾರೆ. ಬೆಕ್ಕಿನ ಮುಖದಲ್ಲಿ ಇದೇನು ಗ್ರಹಚಾರ ಎನ್ನುವ ಭಾವ. ಕೆಳಗೆ ‘ನನ್ನ ಒಲ್ಲದ ಮನಸ್ಸಿನ ಅಕಾಂಪ್ಲಿಸ್’ ಎಂದು ಬರೆದಿದ್ದರು. ಆಫೀಸಿನಲ್ಲಿ ಎಲ್ಲರೂ ನಕ್ಕರು. ನಾನು ನಗಲಿಲ್ಲ. ಆ ಬೆಕ್ಕು ನಾನೇ ಎಂದು ನನಗೆ ಚೆನ್ನಾಗಿ ಗೊತ್ತಾಯಿತು.

ಯಾಕೆಂದು ಹೇಳುತ್ತೇನೆ. ಮಾವನವರು ತೀರಿಕೊಂಡ ಮೇಲೆ ಹೊಲದ ಖಾತೆ ಮಕ್ಕಳ ಹೆಸರಿಗೆ ಆಗಬೇಕಿತ್ತು. ನಮ್ಮ ಕಡೆ ಅದಕ್ಕೆ ಪೌತಿ ಖಾತೆ ಎನ್ನುತ್ತಾರೆ. ಅರ್ಜಿಯ ಜೊತೆ ವಂಶವೃಕ್ಷ ಕೊಡಬೇಕು. ತೀರಿಕೊಂಡವರ ಹೆಸರು ಮೇಲೆ ಬರೆದು, ಕೆಳಗೆ ಗೆರೆ ಎಳೆದು, ಹೆಂಡತಿ ಮಕ್ಕಳ ಹೆಸರನ್ನು ಒಂದೊಂದಾಗಿ ತೋರಿಸುವ ಹಾಳೆ ಅದು. ನನ್ನ ಕೈಬರಹ ಚೆನ್ನಾಗಿದೆ. ಲಗ್ನಪತ್ರಿಕೆಯ ಮೇಲೆ ಹೆಸರು ಬರೆಯಲು ಅಕ್ಕಪಕ್ಕದವರು ನನ್ನನ್ನು ಕರೆಯುತ್ತಾರೆ. ಹಾಗಾಗಿ ಬರೆಯಲು ನನ್ನನ್ನೇ ಕೂರಿಸಿದರು. ಇದೇ ನಡುಮನೆ, ಇದೇ ಮಣೆ. ಗಂಡ ಅಂಗಿಯ ಜೇಬಿನಿಂದ ಪೆನ್ನು ತೆಗೆದು ಕೊಟ್ಟರು. ಮಾವನವರ ಹೆಸರು ಬರೆದೆ, ಅತ್ತೆಯ ಹೆಸರು ಬರೆದೆ. ಕೆಳಗೆ ಗಂಡನದು, ಮೈದುನನದು.

“ಇನ್ನು ಅವಳದು,” ಎಂದೆ.

“ಅವಳದ್ಯಾಕೆ? ಅವಳನ್ನ ಕೊಟ್ಟಾಯ್ತಲ್ಲ,” ಎಂದರು ಗಂಡ.

ಕೊಟ್ಟಾಯ್ತು. ಹೆಣ್ಣು ಮಕ್ಕಳಿಗೆ ಮದುವೆ ಮಾಡಿದ್ದಕ್ಕೆ ನಮ್ಮಲ್ಲಿ ಆಡುವ ಮಾತು ಅದು. ಎಮ್ಮೆಗೂ ಅದೇ ಮಾತು. ನಾನು ಪೆನ್ನು ಎತ್ತಿ ಹಿಡಿದೆ. ಅತ್ತೆಯ ಮುಖ ನೋಡಿದೆ. ಅವರು ಸೆರಗಿನಿಂದ ಬಾಯಿ ಒರೆಸಿಕೊಂಡು ಒಳಗೆ ಹೋದರು. ಹುಟ್ಟಿದ ಮಗಳನ್ನು ಇಲ್ಲ ಎನ್ನುವ ಹಾಳೆ ಇದು, ತಪ್ಪು ಎಂದು ನನಗೆ ಗೊತ್ತಿತ್ತು. ಕಾನೂನು ಏನು ಹೇಳುತ್ತದೆ ಎನ್ನುವುದೂ ಗೊತ್ತಿತ್ತು, ಪೇಪರು ಓದುವವಳು ನಾನು. ಆದರೂ ಎರಡೇ ಗೆರೆ ಎಳೆದೆ, ಮೂರನೆಯದು ಎಳೆಯಲಿಲ್ಲ. ಕೆಳಗೆ ಗಂಡ ಸಹಿ ಹಾಕಿದರು. ಸಾಕ್ಷಿಗೆ ಪಕ್ಕದ ಮನೆಯವರು ಬಂದು ಸಹಿ ಹಾಕಿದರು. ಅವರ ಮನೆಯ ವಂಶವೃಕ್ಷದಲ್ಲೂ ಮೂವರು ಹೆಣ್ಣು ಮಕ್ಕಳು ಹುಟ್ಟಿಯೇ ಇರಲಿಲ್ಲ, ಆದ್ದರಿಂದ ಅವರು ಏನನ್ನೂ ಕೇಳಲಿಲ್ಲ. ಹಾಳೆಯನ್ನು ಬೆಳಕಿಗೆ ಹಿಡಿದು, “ಎಷ್ಟ್ ಮುದ್ದಾಗ್ ಬರ್ದಿದೀಯವ್ವ, ಪ್ರಿಂಟ್ ಹಾಕ್ದಂಗೈತೆ,” ಎಂದರು.

ಅವತ್ತು ನನ್ನನ್ನು ಯಾರೂ ಅಕಾಂಪ್ಲಿಸ್ ಎನ್ನಲಿಲ್ಲ. ಕನ್ನಡದಲ್ಲಿ ಅದಕ್ಕೆ ಪದಗಳಿಲ್ಲವೆಂದಲ್ಲ. ಶಾಮೀಲು ಎನ್ನುತ್ತೇವೆ, ಕೈಜೋಡಿಸಿದ ಎನ್ನುತ್ತೇವೆ. ಆದರೆ ಅವತ್ತು ನನಗೆ ಸಿಕ್ಕಿದ್ದು ಒಳ್ಳೆಯ ಸೊಸೆ ಎನ್ನುವ ಹೆಸರು, ಮತ್ತು ಒಂದು ಲೋಟ ಕಾಫಿ.

ಅದರ ಮುಂದಿನ ಗೌರಿ ಹಬ್ಬಕ್ಕೆ ನಾದಿನಿ ತವರಿಗೆ ಬಂದಳು. ಪ್ರತಿ ವರ್ಷ ಬರುತ್ತಾಳೆ. ಅವಳ ಬಗ್ಗೆ ಒಂದು ವಿಷಯ ಹೇಳಬೇಕು. ಇಪ್ಪತ್ತು ವರ್ಷ ಮಗ್ಗಗಳ ನಡುವೆ ನಿಂತು ಅವಳ ಕಿವಿ ಅರ್ಧ ಮಂದವಾಗಿದೆ. ತನಗೆ ಕೇಳಿಸುವಷ್ಟು ಜೋರಾಗಿ ಮಾತಾಡುತ್ತಾಳೆ, ಅದು ಊರಿಗೆಲ್ಲ ಕೇಳಿಸುತ್ತದೆ. ಅವಳು ಪಿಸುಗುಟ್ಟಿದರೆ ಆಚೆ ಮನೆಯ ಎಮ್ಮೆ ತಿರುಗಿ ನೋಡುತ್ತದೆ. ಮೈದುನ ಅವಳಿಗೆ ಮೈಕಾಸುರಿ ಎಂದು ಹೆಸರಿಟ್ಟಿದ್ದಾನೆ. ಅವಳು ಅದಕ್ಕೆಲ್ಲ ತಲೆ ಕೆಡಿಸಿಕೊಳ್ಳುವುದಿಲ್ಲ. ಬಾಗಿನದ ಮೊರವನ್ನು ಸೆರಗು ಮುಚ್ಚಿ ಅವಳ ಕೈಗೆ ಕೊಟ್ಟೆ. ಅರಿಶಿನ, ಕುಂಕುಮ, ಬಳೆ, ರವಿಕೆ ಬಟ್ಟೆ, ಎಲ್ಲ ಇತ್ತು. ಇಸಿದುಕೊಂಡು, “ಅಪ್ಪ ಹೋದ್ರೂ ನಂಗೆ ಈ ಮನೆ ಐತೆ ಅತ್ತಿಗೆ!” ಎಂದು ಬೀದಿಗೆ ಕೇಳುವಂತೆ ಹೇಳಿದಳು. ಕಾಗದದಲ್ಲಿ ನಾನು ಅಳಿಸಿದ ಹೆಂಗಸಿಗೆ ನಾನೇ ಬಾಗಿನ ಕೊಡುತ್ತಿದ್ದೆ. ಅವಳು ಊಟ ಮುಗಿಸಿ ಹೊರಡುವವರೆಗೂ ನಾನು ಅವಳ ಮುಖವನ್ನು ಸರಿಯಾಗಿ ನೋಡಲಿಲ್ಲ. ನನ್ನ ಮೇಲೆ ನನಗೇ ಹೇಸಿಗೆಯಾಗಿತ್ತು.

ಹಾಗೆ ನಾಲ್ಕು ಗೌರಿ ಹಬ್ಬ ಕಳೆದವು. ನಾಲ್ಕು ಸಲವೂ ಬಾಗಿನ ಕೊಟ್ಟೆ, ನಾಲ್ಕು ಸಲವೂ ಬಾಯಿ ಮುಚ್ಚಿಕೊಂಡಿದ್ದೆ. ಇದನ್ನು ಬಚ್ಚಿಟ್ಟು ಬರೆಯಬಹುದಿತ್ತು, ಆದರೆ ಬಚ್ಚಿಡುವ ಕೆಲಸ ನನಗೆ ಸಾಕಾಗಿದೆ.

ಕಳೆದ ಹಬ್ಬದ ನಂತರ ಹೊಲ ಮಾರುವ ಮಾತು ಶುರುವಾಯಿತು. ಕೊಳ್ಳುವವರು ಕಾರಿನಲ್ಲಿ ಬಂದರು, ಹಲಸಿನ ಮರದ ಕೆಳಗೆ ನಿಂತು ಫೋನಿನಲ್ಲಿ ಹೊಲದ ಉದ್ದಗಲ ಹಿಡಿದರು. ಖಾತೆಯಲ್ಲಿ ಇಬ್ಬರೇ ಇರುವುದನ್ನು ನೋಡಿ ಅವರಿಗೆ ಖುಷಿಯೋ ಖುಷಿ. ಹೆಣ್ಣು ಮಕ್ಕಳ ಸಹಿಯ ರಗಳೆ ಇಲ್ಲವಲ್ಲ ಎಂದರು. ಅದೇ ವಾರ ನಾದಿನಿ ಫೋನು ಮಾಡಿದ್ದಳು. ಶೆಡ್ಡಿನ ಮಾಲೀಕರು ಹಳೆಯ ಮಗ್ಗಗಳನ್ನು ತೆಗೆದು ಹೊಸ ಮೆಷಿನ್ನು ಹಾಕಿಸುತ್ತಾರಂತೆ, ಹಿಂದುಗಡೆ ಇವಳೂ ಗಂಡನೂ ಇರುವ ಕೋಣೆಯನ್ನೂ ಬಿಡಬೇಕಂತೆ. “ಹಳೇ ಮಗ್ಗ ಎರಡು ನಂಗೇ ಕೊಡ್ತೀನಿ ಅಂದವ್ರೆ ಅತ್ತಿಗೆ. ಇಡಕ್ಕೆ ಜಾಗ ಇಲ್ಲ. ನಮ್ಮಪ್ಪನ ಹೊಲ್ದಲ್ಲಿ, ಹಲಸಿನ ಮರದತ್ರ ಒಂದ್ ಮೂಲೇಲಿ ಶೀಟ್ ಹಾಕ್ಕೊಂಡು ಇರ್ಲಾ ಅಂತ ಅಣ್ಣನ್ನ ಕೇಳ್ಬೇಕು,” ಎಂದಳು. ಕೇಳುವ ಹೊತ್ತಿಗೆ ಹೊಲವೇ ಇರುವುದಿಲ್ಲವೆಂದು ಅವಳಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು.

ಮಾರನೇ ದಿನ ಆಫೀಸಿಗೆ ರಜೆ ಹೇಳಿ ದೊಡ್ಡಬಳ್ಳಾಪುರಕ್ಕೆ ಹೋದೆ. ಅವಳ ಮಗ್ಗಕ್ಕೆ ಆವತ್ತು ಹೊಸ ಹಾಸು, ಅಂದರೆ ಸೀರೆಯ ಉದ್ದದ ಎಳೆಗಳನ್ನು, ಏರಿಸಿದ್ದರು. ಹಳೆಯ ಹಾಸಿನ ತುದಿಯ ಒಂದೊಂದು ಎಳೆಗೂ ಹೊಸ ಹಾಸಿನ ಒಂದೊಂದು ಎಳೆಯನ್ನು ಗಂಟು ಹಾಕುವ ಕೆಲಸ. ಸಾವಿರಾರು ಎಳೆ, ಒಂದೂ ತಪ್ಪಬಾರದು. ಒಂದು ಎಳೆಯನ್ನು ಬಿಟ್ಟರೆ ಸೀರೆಯ ಉದ್ದಕ್ಕೂ ಗೆರೆಯಾಗಿ ಕಾಣುತ್ತದೆ. ಎದುರುಬದುರು ಇಬ್ಬರು ಕೂತು ಮಾಡಿದರೆ ಬೇಗ ಮುಗಿಯುತ್ತದೆ. ಅವಳ ಎದುರಿಗೆ ನಾನು ಕೂತೆ. ಈ ಮಗ್ಗ ನಿಂತಿತ್ತೇ ಹೊರತು ಸುತ್ತಲಿನ ಹತ್ತು ಮಗ್ಗಗಳು ಒದರುತ್ತಲೇ ಇದ್ದವು. ಆ ಶೆಡ್ಡಿನಲ್ಲಿ ಯಾರ ಮಾತೂ ಯಾರಿಗೂ ಕೇಳುವುದಿಲ್ಲ. ಅಲ್ಲಿಯವರು ತುಟಿ ನೋಡಿ ಮಾತು ತಿಳಿಯುತ್ತಾರೆ. ಗುಟ್ಟು ಹೇಳಲು ಅದಕ್ಕಿಂತ ಒಳ್ಳೆಯ ಜಾಗವಿಲ್ಲ, ಕೆಟ್ಟ ಜಾಗವೂ ಇಲ್ಲ. ತುಟಿ ನೋಡುವವರ ಎದುರು ಮುಖ ತಿರುಗಿಸಿಕೊಂಡು ಏನನ್ನೂ ಹೇಳಲಾಗುವುದಿಲ್ಲ.

ಅವಳ ಮುಖ ನೋಡಿಕೊಂಡೇ ಹೇಳಿದೆ. ಹೊಲ ಮಾರುತ್ತಿದ್ದಾರೆ. ಖಾತೆಯಲ್ಲಿ ನೀನಿಲ್ಲ. ವಂಶವೃಕ್ಷದಲ್ಲೇ ನೀನಿಲ್ಲ. ಅದನ್ನು ಬರೆದವಳು ನಾನು.

ಮೊದಲ ಮೂರು ಮಾತಿಗೂ ಅವಳ ಬೆರಳು ಎಳೆಗಳನ್ನು ಗಂಟು ಹಾಕುತ್ತಲೇ ಇದ್ದವು. ಕೊನೆಯ ಮಾತಿಗೆ ನಿಂತವು. ಅವಳು ನನ್ನನ್ನೇ ನೋಡಿದಳು. ಬೈಯಲಿ, ಹೊಡೆಯಲಿ ಎಂದು ನಾನು ಕೂತೇ ಇದ್ದೆ.

“ಅಕ್ಷರ ಚೆನ್ನಾಗೈತೆ ಅಂತ ನಿನ್ ಕೈಲೇ ಬರ್ಸಿದ್ರಾ?” ಎಂದಳು.

ಹೂಂ ಎಂದು ತಲೆಯಾಡಿಸಿದೆ. ಕಣ್ಣಲ್ಲಿ ನೀರು ಬಂದು ಎಳೆ ಕಾಣದಾಯಿತು.

“ಅಳ್ಬೇಡ. ಎಳೆ ಒದ್ದೆಯಾಗ್ತೈತೆ. ಅದೇ ಅಕ್ಷರ್ದಲ್ಲಿ ಈಗ ನನ್ ಹೆಸ್ರು ಬರ್ಕೊಡು. ಯಾರ್ ಬೇಡ ಅಂತಾರೋ ನೋಡ್ತೀನಿ.”

ಮತ್ತೆ ಗಂಟು ಹಾಕಲು ಬಗ್ಗಿದಳು. ನನ್ನನ್ನು ಕ್ಷಮಿಸಿದೆ ಎಂದು ಅವಳು ಹೇಳಲಿಲ್ಲ, ಇವತ್ತಿಗೂ ಹೇಳಿಲ್ಲ. ಆ ಸಂಜೆಯವರೆಗೂ ಅವಳ ಎದುರು ಕೂತು ಎಳೆ ಸೇರಿಸಿದೆ, ಒಂದನ್ನೂ ಬಿಡಲಿಲ್ಲ.

ಅರ್ಜಿ ಕೊಡಲು ಹಳೆಯ ವಂಶವೃಕ್ಷದ ಪ್ರತಿ ಬೇಕಿತ್ತು. ಅದು ನಮ್ಮ ಮನೆಯಲ್ಲಿ ಅತ್ತೆಯ ಕಬ್ಬಿಣದ ಟ್ರಂಕಿನಲ್ಲಿತ್ತು, ಟ್ರಂಕಿನ ಬೀಗದ ಕೈ ಅವರ ಸೊಂಟದ ಎಲೆಅಡಿಕೆ ಚೀಲದಲ್ಲಿತ್ತು. ಹೇಗೆ ತೆಗೆಯುವುದೆಂದು ನಾನು ಯೋಚಿಸುತ್ತಿರುವಾಗಲೇ ದೀಪಾವಳಿಗೆ ನಾದಿನಿ ಬಂದಳು. ಗಂಡಸರು ಹೊಲಕ್ಕೆ ಹೋಗಿದ್ದಾಗ ಅಡಿಗೆಮನೆಗೆ ಬಂದು ನನ್ನ ಕಿವಿಯಲ್ಲಿ, “ಅತ್ತಿಗೆ, ಆ ಕಾಗ್ದ ಸಿಕ್ತಾ?” ಎಂದು ಗುಟ್ಟಾಗಿ ಕೇಳಿದಳು. ಹಿತ್ತಿಲಲ್ಲಿ ಪಾತ್ರೆ ಉಜ್ಜುತ್ತಿದ್ದ ಅತ್ತೆಯ ಕೈ ನಿಂತಿತು. ಇಂಥವಳನ್ನು ಜೊತೆಗಿಟ್ಟುಕೊಂಡು ಪಿತೂರಿ ಮಾಡಬೇಕಾದ ನನ್ನ ಪಾಡು ಯಾರಿಗೂ ಬೇಡ. ಸ್ವಲ್ಪ ಹೊತ್ತಿಗೆ ಪಾತ್ರೆಯ ಸದ್ದು ಮತ್ತೆ ಶುರುವಾಯಿತು.

ಎರಡು ದಿನ ಬಿಟ್ಟು, ಬೆಳಿಗ್ಗೆ ಬಸ್ಸಿಗೆ ಹೊರಡುವ ಹೊತ್ತಿಗೆ ನೋಡುತ್ತೇನೆ, ನನ್ನ ಊಟದ ಡಬ್ಬಿಯ ಮೇಲೆ ಟ್ರಂಕಿನ ಬೀಗದ ಕೈ ಇದೆ. ಅತ್ತೆ ನನಗೆ ಬೆನ್ನು ಮಾಡಿ ಒಲೆಯ ಮುಂದೆ ಕೂತಿದ್ದರು. ನಾನು ಟ್ರಂಕು ತೆಗೆದೆ, ಹಾಳೆಯ ಫೋಟೊ ಹಿಡಿದೆ, ಮುಚ್ಚಿ ಬೀಗದ ಕೈಯನ್ನು ಡಬ್ಬಿ ಇದ್ದ ಜಾಗದಲ್ಲಿಟ್ಟೆ. ಸಂಜೆ ಬಂದಾಗ ಅದು ಅಲ್ಲಿರಲಿಲ್ಲ.

ನೋಟರಿಯವರ ಮುಂದೆ ನಾನು ಬರೆದುಕೊಟ್ಟ ಹೇಳಿಕೆ ನಾಲ್ಕೇ ಸಾಲಿನದು. ಮೊದಲಿನ ವಂಶವೃಕ್ಷವನ್ನು ನನ್ನ ಕೈಯಾರೆ ಬರೆದಿದ್ದೇನೆ. ಈ ಮನೆಗೆ ಒಬ್ಬ ಮಗಳಿರುವುದು ನನಗೆ ಗೊತ್ತಿತ್ತು. ಗೊತ್ತಿದ್ದೂ ಬಿಟ್ಟಿದ್ದೇನೆ. ಈಗ ಸರಿಯಾದದ್ದನ್ನು ಬರೆದು ಲಗತ್ತಿಸಿದ್ದೇನೆ.

ನೋಟರಿ ಕನ್ನಡಕ ಕೆಳಗೆ ಮಾಡಿ ನನ್ನನ್ನು ನೋಡಿದರು. “ಯೋಚ್ನೆ ಮಾಡಿ ಬರ್ದಿದೀರಾ ಮೇಡಂ? ಇದು ನಿಮ್ ಮೇಲೇ ಬರುತ್ತೆ.”

“ಬರ್ಲಿ ಅಂತಾನೇ ಬರ್ದಿದೀನಿ ಸಾರ್.”

ತಾಲ್ಲೂಕು ಕಚೇರಿಯಲ್ಲಿ ಅರ್ಜಿ ತೆಗೆದುಕೊಳ್ಳುವವರು ಖಾತೆ ನೋಡಿ, ಇದರಲ್ಲಿ ಮಗಳ ಹೆಸರೇ ಇಲ್ಲವಲ್ಲ, ನೀವು ಯಾರು ಎಂದು ಸಹಜವಾಗಿ ಕೇಳಿದರು. ನಾದಿನಿ ತನ್ನ ಪಿಸುಮಾತಿನಲ್ಲಿ ಉತ್ತರ ಕೊಟ್ಟಳು. “ಹೆಸ್ರಿಲ್ಲ ಸಾರ್, ನಾನಿದೀನಿ! ಇಲ್ಲೇ ನಿಂತಿದೀನಿ ನೋಡಿ!” ಇಡೀ ಸಾಲು ತಿರುಗಿತು. ದೂರದ ಮೇಜಿನಲ್ಲಿ ಯಾರೋ ಎದ್ದು ನಿಂತು ನೋಡಿದರು. ಅರ್ಜಿಗೆ ಮುದ್ರೆ ಬಿತ್ತು, ಸ್ವೀಕೃತಿ ಚೀಟಿ ಬಂತು. ಅವಳ ಕಂಠವನ್ನು ನಾನು ಅಷ್ಟೊಂದು ಪ್ರೀತಿಸಿದ್ದು ಅದೇ ಮೊದಲು.

ಹೀಗೆ ನನ್ನ ಹೆಸರು ಆ ಫೈಲಿಗೆ ಹೋಯಿತು. ಫೈಲಿನಿಂದ ಮೈದುನನ ವಕೀಲರ ಕಣ್ಣಿಗೆ, ಅಲ್ಲಿಂದ ನೋಟೀಸಿಗೆ, ನೋಟೀಸಿನಿಂದ ಆ ಭಾನುವಾರ ಬೆಳಿಗ್ಗೆ ಅವರೆಕಾಯಿ ಸಿಪ್ಪೆಯ ನಡುವೆ ನನ್ನ ಕೈಗೆ.

“ಯಾಕತ್ತಿಗೆ ನಿಲ್ಸ್ಬಿಟ್ರಿ? ಅದೇನ್ ಬರ್ದವ್ರೆ?” ಎಂದ ಮೈದುನ.

ಆ ಒಂದು ಸಾಲನ್ನು ಹಾರಿಸಿಬಿಡಬಹುದಿತ್ತು. ಈ ಮನೆಯಲ್ಲಿ ನಾನು ಓದಿದ್ದೇ ಇಂಗ್ಲಿಷು. ಎರಡನೇ ವಿಳಾಸ ಅವಳ ಗಂಡನದು ಎಂದಿದ್ದರೂ ಆ ಗಳಿಗೆಗೆ ನಡೆದುಹೋಗುತ್ತಿತ್ತು. ಹಿಂದೆ ಇದೇ ಜಾಗದಲ್ಲಿ ಕೂತು ಅವಳ ಹೆಸರನ್ನು ಬಿಟ್ಟಿದ್ದೆ, ಈಗ ನನ್ನ ಹೆಸರನ್ನು ಬಿಟ್ಟರಾಯಿತು. ಬಿಡುವುದು ಎಷ್ಟು ಸುಲಭ ಎಂದು ನನಗಿಂತ ಚೆನ್ನಾಗಿ ಬಲ್ಲವರು ಯಾರು? ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ, ಆ ಒಂದು ಕ್ಷಣ ನಾನು ಅದನ್ನೂ ಯೋಚಿಸಿದೆನಲ್ಲ ಎಂದು.

ಓದಿದೆ. ಒಂದು ಪದವನ್ನೂ ಬಿಡದೆ ಓದಿದೆ. ಆ ಪದವನ್ನು ಮಾತ್ರ ಇಂಗ್ಲಿಷಿನಲ್ಲೇ ಹೇಳಿದೆ.

“ಅಕಾಂಪ್ಲಿಸ್ ಅಂದ್ರೆ?” ಎಂದ.

“ಅಂದ್ರೆ ನಾನು.”

ಅವನು ನಕ್ಕ. ತಮಾಷೆ ಎಂದುಕೊಂಡ. ಆಮೇಲೆ ನನ್ನ ಮುಖ ನೋಡಿದ, ಹಾಳೆ ಕಿತ್ತುಕೊಂಡ, ಇಂಗ್ಲಿಷ್ ಅಕ್ಷರಗಳನ್ನು ಒಂದೊಂದಾಗಿ ಕೂಡಿಸಿಕೊಂಡು ನನ್ನ ಹೆಸರನ್ನು ಓದಿದ. ಅವನ ಮುಖ ಕೆಂಪಾಯಿತು. “ನೀವಾ? ಮನೇಲೇ ಇದ್ಕಂಡು? ನಮ್ ಜೊತೇಲೇ ಉಂಡ್ಕಂಡು? ಮನೆ ಮುರಿಯೋ ಕೆಲ್ಸ ಅಲ್ವಾ ಅತ್ತಿಗೆ ಇದು?” ಎಂದು ಕೂಗಾಡಿದ. ನನ್ನ ಗಂಡ ಪೇಪರು ಕೆಳಗಿಟ್ಟು ಎದ್ದು ಬಂದರು. “ನಿಂಗೇನ್ ಬಂದಿತ್ತು? ನನ್ಗೊಂದ್ ಮಾತು ಹೇಳ್ಬಾರ್ದಿತ್ತಾ?” ಎಂದರು. ಅವರ ದನಿ ತಮ್ಮನಷ್ಟು ಜೋರಿರಲಿಲ್ಲ, ಆದರೆ ನನಗೆ ಅದೇ ಹೆಚ್ಚು ನಾಟಿತು.

“ಅವತ್ತೇ ಹೇಳಿದ್ದೆ. ಇನ್ನು ಅವಳದು ಅಂದೆ. ಕೊಟ್ಟಾಯ್ತಲ್ಲ ಅಂದ್ರಿ,” ಎಂದೆ. ಮೈದುನನ ಕಡೆ ತಿರುಗಿದೆ. “ನಿಮ್ ವಕೀಲ್ರಿಗೆ ಹೇಳಪ್ಪ, ಪದ ಸರಿಯಾಗೇ ಹಾಕವ್ರೆ, ತಾರೀಕು ತಪ್ಪಾಗೈತೆ. ನಾನು ಶಾಮೀಲಾಗಿದ್ದು ಈಗಲ್ಲ. ಪೌತಿ ಖಾತೆಗೆ ಬರ್ಕೊಟ್ಟ ದಿನ. ನಿಮ್ಮಿಬ್ರ ಜೊತೆ, ಇದೇ ಮಣೆ ಮೇಲೆ. ಆವತ್ತು ಯಾರೂ ನಂಗೆ ನೋಟೀಸ್ ಕೊಡ್ಲಿಲ್ಲ. ಅದ್ನ ಬರ್ದು ಕಳ್ಸೋದಾದ್ರೆ ಕಳ್ಸು, ನಾನೇ ಸೈನ್ ಹಾಕಿ ಇಸ್ಕೋತೀನಿ.”

ಮನೆ ಮುರಿಯುವವಳು ಎಂದನಲ್ಲ, ಅದಕ್ಕೆ ನನಗೆ ಬೇಜಾರಿಲ್ಲ. ಮಗಳನ್ನು ಹೊರಗಿಟ್ಟು ಗೋಡೆ ಎಬ್ಬಿಸಿದ ಮನೆಯಾದರೆ ಒಂದು ಕಡೆ ಮುರಿಯಲಿ. ಅವಳು ಒಳಗೆ ಬರುವಷ್ಟು ಮುರಿದರೆ ಸಾಕು. ಕೂಗಾಟ ಮುಗಿಯುವವರೆಗೂ ನಾನು ಮಣೆ ಬಿಟ್ಟು ಏಳಲಿಲ್ಲ. ಎದ್ದರೆ ಅಡಿಗೆಮನೆಗೇ ಹೋಗಬೇಕಿತ್ತು, ಅಲ್ಲಿಗೆ ಹೋದರೆ ಮಾತು ಮುಗಿದಂತೆ.

ಅಲ್ಲಿಯವರೆಗೂ ಅತ್ತೆ ಅವರೆಕಾಯಿ ಸುಲಿಯುತ್ತಲೇ ಇದ್ದರು. ಮೊರ ಪಕ್ಕಕ್ಕೆ ಸರಿಸಿದರು.

“ಅದ್ರಲ್ಲಿ ನನ್ ಹೆಸ್ರೈತಾ?” ಎಂದು ನನ್ನನ್ನು ಕೇಳಿದರು.

“ಇಲ್ಲತ್ತೆ. ನಿಮ್ಮದ್ಯಾಕಿರುತ್ತೆ?”

“ಟ್ರಂಕಿನ್ ಬೀಗದ್ ಕೈ ಕೊಟ್ಟೋಳು ನಾನು. ನಿನ್ಗೇನ್ ಪದ ಹಾಕವ್ರೋ ಅದ್ನೇ ಹಾಕಿ ನನ್ ಹೆಸ್ರೂ ಬರಿ.” ಆಮೇಲೆ ಮಕ್ಕಳಿಬ್ಬರನ್ನೂ ನೋಡಿದರು. “ಮೂರು ಹೆತ್ತಿದೀನಿ. ಎರಡು ಅಂತ ಬರ್ಯೋವಾಗ ಎದ್ದು ಒಳಕ್ಕೋದೆ. ಇವತ್ತು ಹೋಗಲ್ಲ.”

ನಾನು ಮೈದುನನ ಕೈಯಿಂದ ಹಾಳೆ ತೆಗೆದುಕೊಂಡೆ, ಅವನು ತಡೆಯಲಿಲ್ಲ. “ಪೆನ್ನು,” ಎಂದು ಗಂಡನ ಮುಂದೆ ಕೈ ಚಾಚಿದೆ. ಅವರು ತಾಯಿಯನ್ನು ನೋಡಿದರು, ನನ್ನನ್ನು ನೋಡಿದರು, ಜೇಬಿನಿಂದ ಪೆನ್ನು ತೆಗೆದು ಕೊಟ್ಟರು. ಹಿಂದೆ ನಾದಿನಿಯ ಹೆಸರು ಕೈಬಿಡಿಸಿದ ದಿನವೂ ಹೀಗೆಯೇ ಕೊಟ್ಟಿದ್ದರು.

ನನ್ನ ಹೆಸರಿನ ಕೆಳಗೆ, ಅಂಚಿನ ಖಾಲಿ ಜಾಗದಲ್ಲಿ, ಮೂರನೇ ವಿಳಾಸದಾರರು, ಅಕಾಂಪ್ಲಿಸ್ ಎಂದು ಬರೆದು ಅತ್ತೆಯ ಹೆಸರು ಬರೆದೆ. ಅತ್ತೆ ಬಗ್ಗಿ ನೋಡಿ, ಇದೇನಾ ನಾನು ಎಂದು ಬೆರಳಿಟ್ಟು ಕೇಳಿದರು. ಹೌದು ಎಂದೆ. ಅಕ್ಷರ ಎಂದಿನಂತೆ ಮುದ್ದಾಗಿಯೇ ಬಂದಿತ್ತು.